ಹಳೆಯ ಪರದೆ, ನೇಕಾರರ ಹೆಸರು

ನಾನು ಬೆನ್ನು ಉಬ್ಬಿದ, ಹಳೆಯ ಕಾಲದ ಒಂದು ಕಂಪ್ಯೂಟರ್ ಪರದೆ. ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದೆ. ಆದರೆ ನನ್ನ ನೆನಪು ಶುರುವಾಗುವುದು ಗದಗಿನ ಮದುವೆ ಪತ್ರಿಕೆಯ ಪ್ರೆಸ್ಸಿನಲ್ಲಿ, ನೀಲಾಂಬಿಕೆಯ ಮುಖದಿಂದ. ವರ್ಷಗಟ್ಟಲೆ ಅವಳು ನನ್ನ ಮುಂದೆ ಕೂತು ಊರವರ ಹೆಸರುಗಳನ್ನೆಲ್ಲ ಜೋಡಿಸಿದಳು. ಹೊಸ ಫಾಂಟ್ ಬಂದರೆ ಪರೀಕ್ಷೆಗೆಂದು ತನ್ನ ಹೆಸರು ಬರೆಯುವಳು. ಬಾಗಿಲಲ್ಲಿ ಯಾರಾದರೂ ಕಂಡರೆ ತಟ್ಟನೆ ಅಳಿಸಿಬಿಡುವಳು.

ಚಪ್ಪಟೆ ಪರದೆ ಬಂದಾಗ ಮಾಲೀಕ ಈರಬಸಪ್ಪನವರು ನನ್ನನ್ನು ಕಾಗದದ ರಿಮ್ಮುಗಳ ಹಿಂದೆ ಸರಿಸಿದರು.

ಆಮೇಲೆ ಬೆಟಗೇರಿಯ ನೇಕಾರ ಹೆಂಗಸರ ಸಂಘದ ವೆಬ್‌ಪುಟದ ಕೆಲಸ ಬಂತು. ಅಷ್ಟು ಕಾಲ ಸೀರೆಗಳು ಗಂಡಸರ ಹೆಸರಿನಲ್ಲಿ ಮಾರಾಟವಾಗಿದ್ದವು. ಈಗ ಪ್ರತಿ ಸೀರೆಯ ಕೆಳಗೆ ನೇಯ್ದವಳ ಹೆಸರೇ ಇರಬೇಕೆಂದು ಅವರ ಹಟ. ನೀಲಾಂಬಿಕೆ ಕೂದಲೆಳೆಯಂಥ ಗೆರೆಗಳ ಚೆಲುವಾದ ಫಾಂಟ್ ಆರಿಸಿದಳು. ಪ್ರೆಸ್ಸಿನ ರೂಢಿಯಂತೆ ಪುಟವನ್ನು ಕಾಗದಕ್ಕೆ ಮುದ್ರಿಸಿ, ಅದನ್ನೇ ಪ್ರೂಫ್ ಎಂದು ಸಂಘದವರಿಗೆ ತೋರಿಸಿ ಸಹಿ ಹಾಕಿಸಿಕೊಂಡು ಬಂದಳು. ಕಾಗದದಲ್ಲಿ ಹೆಸರುಗಳು ಮುತ್ತಿನಂತಿದ್ದವು.

ಮಾರನೆಯ ದಿನವೇ ಸಂಘದ ತಿಪ್ಪವ್ವ ಬಂದಳು.

"ನಮ್ಮ ಕಂಪ್ಯೂಟರ್‌ನಾಗ ಸೀರಿ ಅದಾವ. ನಾವೆಲ್ಲಿ ಅದೀವಿ, ತಂಗಿ? ನನ್ನ ಹೆಸರಿನ ಜಾಗದಾಗ ಇರಿವಿ ಹರದಂಗ ಆಗೈತಿ. ಸೋಮವಾರ ಎಲ್ಲಾರೂ ನೋಡಾಕ ಬರ್ತಾರ. ನನ್ನ ಗಂಡನೂ ಬರ್ತಾನ!"

ನೀಲಾಂಬಿಕೆಯ ಮುಖ ಸಣ್ಣದಾಯಿತು. ಸಂಘದ ಕಂಪ್ಯೂಟರಿಗೂ ನನ್ನಂಥದೇ ಪರದೆ ಎಂಬುದು ಅವಳಿಗೆ ಆಗ ಹೊಳೆಯಿತು. ರಿಮ್ಮು ಸರಿಸಿ ನನ್ನನ್ನು ಎತ್ತಿ ತಂದಳು. ಹೊಸ ಪರದೆಯಲ್ಲಿ ಬಳುಕುತ್ತಿದ್ದ ಅಕ್ಷರಗಳು ನನ್ನ ಮೇಲೆ ಮುರಿದು ಬಿದ್ದವು. ಒತ್ತುಗಳು ಕೆಳಗಿನ ಸಾಲಿಗೆ ಅಂಟಿಕೊಂಡವು. ರೆಸೊಲ್ಯೂಷನ್ ಇಳಿಸಿದಳು, ಏರಿಸಿದಳು, ಫಾಂಟ್ ಬದಲಿಸುತ್ತಲೇ ಹೋದಳು. ಕೊನೆಗೆ ದಪ್ಪ ಗೆರೆಯ, ದುಂಡನೆಯ, ಸಾದಾ ಅಕ್ಷರವೊಂದು ಎರಡೂ ಪರದೆಗಳಲ್ಲಿ ಗಟ್ಟಿಯಾಗಿ ನಿಂತಿತು.

"ಏನವಾ ಇದು, ಕಿರಾಣಿ ಅಂಗಡಿ ಬೋರ್ಡ್ ಕಂಡಂಗ! ನಾಜೂಕು ಎಲ್ಲಿ ಹೋತು?" ಎಂದರು ಈರಬಸಪ್ಪನವರು.

"ನಾಜೂಕು ಸೀರ್ಯಾಗ ಇರಲಿ, ಸಾವ್ಕಾರ್ರ. ಹೆಸರು ಓದಾಕ ಬರಲಿ," ಎಂದಳು ನೀಲಾಂಬಿಕೆ.

ತಿಪ್ಪವ್ವ ನನ್ನ ಗಾಜಿನ ಮೇಲೆ ಬೆರಳಿಟ್ಟು ತನ್ನ ಹೆಸರು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ನೀಲಾಂಬಿಕೆಯತ್ತ ತಿರುಗಿ, "ಇಷ್ಟು ಮಂದಿ ಹೆಸರು ಬರದಾಕಿ ಹೆಸರು ಎಲ್ಲೈತಿ?" ಎಂದಳು.

"ನಂದ್ಯಾಕ ಬೇ ಯಕ್ಕಾ..."

"ಹಾಕು ಅಂದ್ರ ಹಾಕು!"

ಸೋಮವಾರ ತಿಪ್ಪವ್ವನ ಗಂಡ ಎಲ್ಲರೆದುರು ಹೆಂಡತಿಯ ಹೆಸರನ್ನು ಗಟ್ಟಿಯಾಗಿ ಓದಿದನಂತೆ.

ಈಗ ನನ್ನ ಬೆಳಕು ಆರಿದೆ. ಮೂಲೆಯಲ್ಲಿ ಗುಜರಿ ಗಾಡಿಗೆ ಕಾಯುತ್ತಿದ್ದೇನೆ. ಬಾಳೆಲ್ಲ ನಾನು ತೋರಿಸಿದ್ದು ಬೇರೆಯವರ ಹೆಸರುಗಳನ್ನೇ, ಅದರಲ್ಲಿ ಬೇಸರವಿಲ್ಲ. ಆದರೂ ತಿಪ್ಪವ್ವ ಹಾಗೆ ಹಟ ಹಿಡಿದ ಆ ಮಧ್ಯಾಹ್ನವೇ ಮತ್ತೆ ಮತ್ತೆ ನೆನಪಾಗುತ್ತದೆ. ಪುಟದ ತುದಿಯಲ್ಲಿ, ಎಲ್ಲಕ್ಕಿಂತ ಸಣ್ಣ ಅಳತೆಯಲ್ಲಿ, ನೀಲಾಂಬಿಕೆ ತನ್ನ ಹೆಸರು ಬರೆದಳು. ಒಂದು ಗೆರೆಯೂ ಮುರಿಯಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿಯೊಬ್ಬರ ನೆರಳು ಬಿತ್ತು. ಅವಳ ಬೆರಳು ಅಳಿಸುವ ಕೀಲಿಯ ಕಡೆ ಹೋಗಲಿಲ್ಲ.