ಮಣ್ಣಾಟದ ಇಸ್ಕೂಲಿನ ಮಾವಿನ ಮರ

ಮಕ್ಬೂಲ್ ಸಾಬರು ಕೊಡಲಿ ಮಸೆಯುತ್ತಲೇ ಇದ್ದರು. ಬಾವಿಕಟ್ಟೆಯ ಕಲ್ಲಿಗೆ ನೀರು ಚಿಮುಕಿಸುವುದು, ನಾಲ್ಕು ಸಲ ಉಜ್ಜುವುದು, ಹೆಬ್ಬೆರಳಿನಿಂದ ಅಲಗು ಸವರಿ ನೋಡಿ ಊಹೂಂ ಎಂದು ತಲೆಯಾಡಿಸುವುದು, ಮತ್ತೆ ನೀರು ಚಿಮುಕಿಸುವುದು. ಹುಣಸೂರಿನ ಮರ ಕೊಯ್ಯುವವರಲ್ಲಿ ಅವರಷ್ಟು ಚುರುಕಿನ ಕೈ ಇನ್ನೊಂದಿಲ್ಲ ಅಂತ ಹೆಸರು. ಅಂಥವರು ಒಂದು ಕೊಡಲಿಗೆ ಇಷ್ಟು ಹೊತ್ತು ಹಿಡಿದದ್ದನ್ನು ಊರು ಕಂಡಿರಲಿಲ್ಲ.

"ಇನ್ನೂ ಆಗಲಿಲ್ಲವೇನಯ್ಯ?" ಹಿತ್ತಿಲ ಬಾಗಿಲಲ್ಲಿ ನಿಂತು ಸುಬ್ಬನರಸಯ್ಯ ಕೇಳಿದರು.

"ಮೊಂಡಾಗ್ಯದೆ ಸ್ವಾಮಿ. ಇಂಗೇ ಹೊಡುದ್ರೆ ಮರಕ್ಕೆ ನೋವಾಯ್ತದೆ."

"ಕಡಿಯೋ ಮರಕ್ಕೆ ನೋವೇನು ಬಂತು!"

ಸಾಬರು ಮತ್ತೆ ಕಲ್ಲಿಗೆ ನೀರು ಚಿಮುಕಿಸಿದರು.

ಸುಬ್ಬನರಸಯ್ಯ ಕಂಪಲಾಪುರದ ಶ್ಯಾನುಭೋಗರು. ಒಳಗೆ ನಡುಮನೆಯಲ್ಲಿ ದರ್ಭೆಯ ಮೇಲೆ ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದ್ದ ರುಕ್ಮಿಣಮ್ಮ ಅವರ ಒಬ್ಬಳೇ ತಂಗಿ. ನಿನ್ನೆ ಸಂಜೆ ತಮ್ಮ ಇಸ್ಕೂಲಿನ ಮಕ್ಕಳನ್ನೆಲ್ಲ ಮನೆಗೆ ಕಳಿಸಿ, ಕೈಯ ಕೆಸರು ತೊಳೆದುಕೊಳ್ಳಲು ಬಾವಿಕಟ್ಟೆಯ ಮೇಲೆ ಕೂತವರು ಹಾಗೇ ಒರಗಿಬಿಟ್ಟಿದ್ದರು. ಕೈ ಇನ್ನೂ ಪೂರ್ತಿ ತೊಳೆದಿರಲಿಲ್ಲ. ಸ್ವಂತ ಮಕ್ಕಳಿಲ್ಲ, ಗಂಡನ ಕಡೆ ಯಾರೂ ಉಳಿದಿಲ್ಲ. ಸುದ್ದಿ ತಿಳಿದು ಗಾಡಿ ಕಟ್ಟಿಸಿಕೊಂಡು ಬಂದ ಅಣ್ಣ, ಎಷ್ಟೋ ವರ್ಷದ ಮೇಲೆ ಆ ಮನೆಯ ಹೊಸಿಲು ತುಳಿದಿದ್ದರು.

ಎಲ್ಲ ಸಿದ್ಧವಾಗಿತ್ತು, ಸೌದೆಯೊಂದಿರಲಿಲ್ಲ. ಯುದ್ಧ ಬಂದು ಪೆಟ್ರೋಲಿಗೆ ತತ್ವಾರವಾಗಿ, ಬಸ್ಸುಗಳೆಲ್ಲ ಬೆನ್ನಿಗೊಂದು ಒಲೆ ಕಟ್ಟಿಕೊಂಡು ಇದ್ದಿಲಿನ ಮೇಲೆ ಓಡುತ್ತಿದ್ದ ಕಾಲ. ಮಂಡಿಯ ಒಣ ಸೌದೆಯೆಲ್ಲ ಇದ್ದಿಲಾಗಿ ಬಸ್ಸಿನ ಹೊಟ್ಟೆ ಸೇರುತ್ತಿತ್ತು. ಅಳಿದುಳಿದದ್ದು ವಾರದ ಮಳೆಗೆ ನೆನೆದು ಕೂತಿತ್ತು. ಆಗ, ಹಸಿಯಾದರೂ ಚಿತೆಗೆ ಸಲ್ಲುವ ಮರವೆಂದು, ಸುಬ್ಬನರಸಯ್ಯನವರ ಕಣ್ಣು ಹಿತ್ತಿಲ ಮಾವಿನ ಮರದ ಮೇಲೆ ಬಿದ್ದದ್ದು.

"ಇದು ಅವಳೇ ನೆಟ್ಟ ಮರ ಅಲ್ಲವೆ?" ಎಂದು ಅವರು ಪಕ್ಕದ ಮನೆಯ ಸುಂದ್ರಮ್ಮನನ್ನು ಕೇಳಿದ್ದರು.

"ಇನ್ಯಾರು ನೆಟ್ಟಾರು ಸ್ವಾಮಿ? ಅವರಿಗೆ ಅದೇ ಕೆಲಸ ಅಲ್ವ."

"ಸರಿ ಹಾಗಾದರೆ. ಅವಳಿಗೆ ಗಂಡುಮಗನಿಲ್ಲ. ಈ ಮರವೇ ಮಗ ಅಂದ್ಕೊಳ್ಳಿ. ಅಣ್ಣನಾಗಿ ನಾನು ಅವಳಿಗೆ ಏನೂ ಮಾಡಲಿಲ್ಲ. ಸಾಕಿದ ಮಗನ ತೊಡೆಯ ಮೇಲೆ ಹೋದ ಹಾಗಾದರೂ ಹೋಗಲಿ."

ಕೋಪದಿಂದ ಹೇಳಿದ್ದರೆ ಯಾರಾದರೂ ಎದುರು ಮಾತಾಡಬಹುದಿತ್ತು. ಪ್ರೀತಿಯಿಂದ ಹೇಳಿದ ಮಾತಿಗೆ ಏನಂತ ಎದುರಾಡುವುದು? ಅದಕ್ಕೇ ಸಾಬರು ಮಸೆಯುತ್ತ ಕೂತಿದ್ದು.

ಮುಂದಿನ ಜಗಲಿಯ ಮೇಲೆ ಮಕ್ಕಳು ಕೂತಿದ್ದವು. ಇವತ್ತು ಬರಬೇಡಿ ಅಂತ ಯಾರೂ ಹೇಳಿರಲಿಲ್ಲ, ಎಂದಿನಂತೆ ಬಂದಿದ್ದವು. ಅವನ್ನು ಹಿಡಿದು ಕೂರಿಸಿದ್ದ ಸುನಂದಮ್ಮ ಮರದ ಸುದ್ದಿ ಕಿವಿಗೆ ಬಿದ್ದದ್ದೇ ಎದ್ದು, ಮನೆಯ ಪಕ್ಕದ ಓಣಿಯಿಂದ ಹಿತ್ತಿಲಿಗೆ ಓಡಿ ಬಂದಳು.

"ಮರ ಕಡಿಸಬೇಡಿ ಸ್ವಾಮಿ!"

"ಯಾರಮ್ಮ ನೀನು?"

"ನಮ್ಮ ಕರಿಯಪ್ಪನ ಮಗಳು," ಅಂದರು ಸಾಬರು. ಕೊಡಲಿ ಕೆಳಗಿಡಲು ಅವರಿಗೊಂದು ನೆಪ ಸಿಕ್ಕಿತ್ತು. "ಇಲ್ಲೇ ಆಡ್ಕಂಡು ಬೆಳೆದು ಇಲ್ಲೇ ಮೇಷ್ಟ್ರಮ್ಮ ಆಗವ್ಳೆ. ದೊಡ್ಡ ಮೇಷ್ಟ್ರಮ್ಮನಿಗೆ ಬಲಗೈ."

"ಈ ಮರ ಹೋದರೆ ಇಸ್ಕೂಲು ಹೋದಂಗೆ ಸ್ವಾಮಿ," ಅಂದಳು ಸುನಂದಮ್ಮ. "ಇದರ ಕೆಳಗೇ ನಮ್ಮ ಮಣ್ಣುಗುಂಡಿ, ಇದರ ಕೊಂಬೆಗೇ ಉಯ್ಯಾಲೆ. ನಾಳೆ ಮಕ್ಕಳು ಬಂದು ಎಲ್ಲಿ ಕೂರಬೇಕು?"

"ಸರ್ಕಾರದ ಸ್ಕೂಲಿಗೆ ಹೋಗಲಿ. ಅಲ್ಲಿ ಗೋಡೆ ಇದೆ, ಹಲಗೆ ಬಳಪ ಇದೆ. ಇಲ್ಲೇನಿದೆ, ಮಣ್ಣು!"

ಊರಿನವರೂ ಅದನ್ನು ಮಣ್ಣಾಟದ ಇಸ್ಕೂಲು ಅಂತಲೇ ಕರೆಯುತ್ತಿದ್ದರು. ನಾಲ್ಕೈದು ವರ್ಷದ ಮಕ್ಕಳು ಬೆಳಿಗ್ಗೆ ಬಂದು ಕೆಸರಿನಲ್ಲಿ ಕೆರೆ ಕಟ್ಟೆ ಮಾಡಿ, ಹುಣಸೆಬೀಜ ಗುಡ್ಡೆ ಹಾಕಿ, ಹೊಂಗೆ ಎಲೆಯ ಪೀಪಿ ಊದಿ, ಸಂಜೆಗೆ ಮೈಯೆಲ್ಲ ಮಣ್ಣು ಮಾಡಿಕೊಂಡು ಮನೆಗೆ ಹೋಗುವುದು. ಅಕ್ಷರದ ಮಾತೆತ್ತಿದರೆ ರುಕ್ಮಿಣಮ್ಮ, "ಅದಕ್ಕೇನು ಅವಸರ, ಅಕ್ಷರ ಎಲ್ಲಿಗೂ ಓಡಿಹೋಗಲ್ಲ. ಈ ವಯಸ್ಸು ಓಡಿಹೋಗುತ್ತೆ" ಅನ್ನುತ್ತಿದ್ದರು.

"ಅದೇನೋ ದಿಟವೇ ಕಣವ್ವ," ಸುಂದ್ರಮ್ಮ ಬಾಯಿ ಹಾಕಿದರು. "ನಮ್ಮ ಮೊಮ್ಮಗ ವರ್ಷವೆಲ್ಲ ಬಂದ. ಏನ್ಲಾ ಕಲ್ತೆ ಅಂದ್ರೆ ಇರುವೆ ಸಾಲು ತೋರುಸ್ತಾನೆ."

"ತುಳೀದೆ ದಾಟ್ತಾನೋ ಇಲ್ವೋ?" ಸುನಂದಮ್ಮ ಕೇಳಿದಳು.

"ಅವನು ದಾಟೋದಿರ್ಲಿ, ನನ್ನೂ ಕೈ ಹಿಡಿದು ದಾಟುಸ್ತಾನೆ. ನನ್ನ ಮನೆ ಅಂಗಳದಾಗೆ ನಾನು ನೆಟ್ಟಗೆ ನಡೆಯೋಕೆ ಬುಡಕ್ಕಿಲ್ಲ, ಮುಂಡೇದು!" ಅಂದವರೇ ಸುಂದ್ರಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟರು.

ಸುಬ್ಬನರಸಯ್ಯ ಮುಖ ಬಿಗಿದುಕೊಂಡರು. "ನಿಮ್ಮ ಆಟ ನಾನೂ ನೋಡಿದೀನಮ್ಮ. ಒಂದೇ ದಿನ ನೋಡಿದೆ, ಸಾಕಾಯಿತು."

* * *

ಅದೂ ಇಂಥದೇ ಮುಂಗಾರಿನ ದಿನ. ಹಿಂದಿನ ದಿನವಷ್ಟೇ ಅವರು ತಮ್ಮ ತೋಟದ ಒಂದು ಕುಕ್ಕೆ ಮಾವಿನ ಹಣ್ಣನ್ನು ಗಾಡಿಯವನ ಕೈಲಿ ತಂಗಿಗೆ ಕಳಿಸಿದ್ದರು. ಮಾರನೆಯ ದಿನ ಕೋರ್ಟು ಕೆಲಸಕ್ಕೆ ಹುಣಸೂರಿಗೆ ಬಂದವರು, ತಂಗಿಯ ಕೈಯ ಊಟ ಮಾಡಿಕೊಂಡೇ ಹೋಗೋಣ ಅಂತ ಹಿತ್ತಿಲ ಬಾಗಿಲಿಂದ ಬಂದರು.

ಗೋವಿಂದಾ, ಗೋವಿಂದ ಅನ್ನುವ ಕೂಗು ಕೇಳಿತು. ಯಾರು ಹೋದರಪ್ಪ ಎಂದು ದಾಪುಗಾಲು ಹಾಕಿದರು. ನೋಡಿದರೆ ಮಕ್ಕಳ ಮೆರವಣಿಗೆ. ಬಿದಿರು ಸೀಳಿನ ಪುಟ್ಟ ಚಟ್ಟವನ್ನು ನಾಲ್ಕು ಮಕ್ಕಳು ಹೆಗಲ ಮೇಲೆ ಹೊತ್ತಿದ್ದವು. ಅದರ ಮೇಲೆ ಬಟ್ಟೆ ಸುತ್ತಿ, ತುಂಬೆ ಹೂ ಉದುರಿಸಿದ ಏನೋ ಒಂದು. ಹಿಂದೆ ಒಂದು ಮಗು ತಟ್ಟೆ ಬಡಿಯುತ್ತಿತ್ತು, ಒಂದು ಪುರಿ ಎರಚುತ್ತಿತ್ತು. ಎಲ್ಲಕ್ಕಿಂತ ಮುಂದೆ, ಹೊಗೆಯಾಡುವ ತೆಂಗಿನ ಕರಟವನ್ನು ಬೆಂಕಿಯ ಮಡಕೆಯ ಹಾಗೆ ಹಿಡಿದು ಗಂಭೀರವಾಗಿ ಹೆಜ್ಜೆ ಹಾಕುತ್ತಿದ್ದವಳು, ಗಂಡನನ್ನು ಕಳೆದುಕೊಂಡ ಅವರ ಸ್ವಂತ ತಂಗಿ.

"ರುಕ್ಕೂ! ಏನಿದು ಅನಿಷ್ಟ?"

ಅವಳು ತುಟಿಯ ಮೇಲೆ ಬೆರಳಿಟ್ಟಳು. "ಒಂದು ಗಳಿಗೆ ತಡಿ ಅಣ್ಣಯ್ಯ. ಮುಗೀಲಿ."

"ಹಸುಗೂಸುಗಳ ಕೈಲಿ ಹೆಣದಾಟ ಆಡಿಸ್ತೀಯಾ? ಇದಕ್ಕೇ ಏನೆ ಊರವರ ಬಾಯಿಗೆ ಬಿದ್ದು ನಾನು ನಿನ್ನನ್ನು ಮೈಸೂರಿಗೆ ಕಳಿಸಿ ಓದಿಸಿದ್ದು?"

"ನಾನು ಆಡಿಸ್ತಿಲ್ಲ. ಅವೇ ಆಡ್ತಿವೆ. ನನ್ನನ್ನೂ ಸೇರಿಸ್ಕೊಂಡಿವೆ, ಅಷ್ಟೆ."

ಸುಬ್ಬನರಸಯ್ಯ ನೀರೂ ಕುಡಿಯದೆ ತಿರುಗಿದರು. ಇನ್ನು ಈ ಹೊಸಿಲು ತುಳಿದರೆ ಕೇಳು ಅಂದರು, ಹಾಗೇ ನಡೆದುಕೊಂಡರು. ಕೊಟ್ಟ ಮಾತಿಗಿಂತ ಆಡಿದ ಮಾತನ್ನು ಹೆಚ್ಚು ಉಳಿಸಿಕೊಳ್ಳುವ ಜಾತಿ ಅವರದು. ತಂಗಿ ಮಾತ್ರ ಬಿಡಲಿಲ್ಲ, ಗಾಡಿಯವರ ಕೈಲಿ ಹೇಳಿಕಳಿಸುತ್ತಲೇ ಇದ್ದಳು. ಅದೂ ಎಂಥ ಸುದ್ದಿ! "ಮರ ಎದೆಯುದ್ದ ಆಗಿದೆಯಂತೆ ಸ್ವಾಮಿ." "ಮರ ಹೂ ಬಿಟ್ಟಿದೆಯಂತೆ, ನಿಮಗೆ ಹೇಳು ಅಂದ್ರು." ಯಾವ ಮರ, ತಮಗ್ಯಾಕೆ ಅದರ ಸಮಾಚಾರ ಅಂತ ಅವರಿಗೆ ಹೊಳೆಯುತ್ತಲೇ ಇರಲಿಲ್ಲ. ಕೇಳಿ ಕಳಿಸಲು ಬಿಗುಮಾನ ಬಿಡಲಿಲ್ಲ.

* * *

"ನೀವು ಬಂದಿದ್ದು ನನಗೆ ನೆನಪೈತೆ ಸ್ವಾಮಿ," ಅಂದಳು ಸುನಂದಮ್ಮ. "ಚಟ್ಟದ ಮುಂದಿನ ಕೊನೆ ಹಿಡ್ಕಂಡಿದ್ದವಳು ನಾನೇ. ಅದರ ಮೇಲೆ ಏನಿತ್ತು ಅಂತ ನೋಡಿದ್ರಾ?"

"ಏನೋ ಬಟ್ಟೆ ಸುತ್ತಿತ್ತು."

"ಮಾವಿನ ವಾಟೆ. ನೀವು ಕಳ್ಸಿದ್ದ ಹಣ್ಣು ತಿಂದು ಮಿಕ್ಕಿದ ವಾಟೆ."

ಸುಬ್ಬನರಸಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಆಗ ನಮ್ಮವ್ವ ತೀರ್ಕಂಡು ಹದಿನೈದು ದಿನ ಆಗಿತ್ತು. ಎಲ್ಲಿಗೆ ತಗಂಡೋದ್ರು ಅಂತ ಯಾರೂ ನಂಗೆ ಹೇಳ್ಲಿಲ್ಲ. ಊರಿಗೆ ಹೋಗವ್ಳೆ, ಬತ್ತಾಳೆ ಅಂದ್ರು. ನಾನು ಮಾತೇ ನಿಲ್ಲಿಸ್ಬುಟ್ಟಿದ್ದೆ. ಇಲ್ಲಿ ಬಂದು ಮೂಲೇಲಿ ಕೂತಿರ್ತಿದ್ದೆ. ಒಂದಿನ ಜೊತೆ ಮಕ್ಕಳು ಕೇಳಿದ್ವು, ಸತ್ತೋರನ್ನ ಏನು ಮಾಡ್ತಾರೆ ಅಂತ. ಮೇಷ್ಟ್ರಮ್ಮ, ನೀವು ನೋಡಿರೋದನ್ನ ಆಡಿ ತೋರಿಸಿ ಅಂದ್ರು. ಮೊದಲ ಸಲ ನಾನು ಮೂಲೆಯಿಂದ ಎದ್ದು ಬಂದು ಹೆಗಲು ಕೊಟ್ಟೆ."

ಸಾಬರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡಿದ್ದರು.

"ಇದೇ ಜಾಗದಲ್ಲಿ ಹೂತೆವು. ದಿನಾ ನೀರಾಕ್ದೆವು. ಮಳೆ ಹಿಡಿದ ಮೇಲೆ ಒಂದಿನ ನೋಡಿದ್ರೆ ಕೆಂಪಗೆ ಎಲೆ ಎದ್ದು ನಿಂತದೆ. ನಾನು 'ಅವ್ವ ಬಂದ್ಲು' ಅಂತ ಕಿರುಚಿಬುಟ್ಟೆ. ಮೇಷ್ಟ್ರಮ್ಮ ಎತ್ಕಂಡು, 'ಅವ್ವ ಅಲ್ಲ ಕಣೆ ಕಂದ, ಇದು ಮಾವು. ಅವ್ವ ಬರಲ್ಲ' ಅಂದ್ರು. ಅಷ್ಟು ಜನರಲ್ಲಿ ನನಗೆ ನಿಜ ಹೇಳಿದ್ದು ಅವರೊಬ್ಬರೇ. ಅವತ್ತೇ ನಾನು ನಮ್ಮವ್ವನಿಗೆ ಅಂತ ಅತ್ತದ್ದು. ಈ ಮರ ಅವರು ನೆಟ್ಟದ್ದಲ್ಲ ಸ್ವಾಮಿ, ನಾವು ಹೂತದ್ದು. ಬೇಕಾದ್ರೆ ನನ್ನ ಮನೆ ತೊಲೆ ಕೀಳಿಸಿ ಕೊಡ್ತೀನಿ. ಇದನ್ನ ಮುಟ್ಟಬೇಡಿ."

ಸುಬ್ಬನರಸಯ್ಯ ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಆಮೇಲೆ ಕೇಳಿದರು:

"ಹಣ್ಣು ಹೇಗಿರುತ್ತೆ?"

"ಹುಳಿ ಸ್ವಾಮಿ. ಉಪ್ಪಿನಕಾಯಿಗೇ ಸೈ."

"ನಮ್ಮ ತೋಟದ್ದು ಸಿಹಿಯಲ್ಲವೇನಮ್ಮ!" ಅಂದರು ಶ್ಯಾನುಭೋಗರು, ತಮ್ಮ ಮಾನವೇ ಹೋದವರಂತೆ. ಸುಂದ್ರಮ್ಮ ಅಳುತ್ತಿದ್ದವರು ಕಿಸಕ್ಕನೆ ನಕ್ಕು ನಾಲಿಗೆ ಕಚ್ಚಿಕೊಂಡರು. ಸುಬ್ಬನರಸಯ್ಯ ನಗಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡರು. "ಹೂ ಬಿಟ್ಟಿದೆ ಅಂತ ಹೇಳಿಕಳಿಸಿದ್ದಳು," ಅಂದರು ವಸ್ತ್ರದೊಳಗಿನಿಂದಲೇ. "ಒಂದು ಸಲ ಬಂದು ನೋಡಲಿಲ್ಲವಲ್ಲ ನಾನು."

ಆಮೇಲೆ ವಸ್ತ್ರ ತೆಗೆದು, "ಮಕ್ಬೂಲ್, ಕೊಡಲಿ ಒಳಗಿಡಯ್ಯ" ಅಂದರು.

ಅವರು ಹೇಳುವ ಮೊದಲೇ ಸಾಬರು ಅದನ್ನು ಗೋಣಿಯಲ್ಲಿ ಸುತ್ತಿಯಾಗಿತ್ತು.

"ಆದರೆ ಸೌದೆಗೇನು ಮಾಡೋದು?"

"ಮಳೆಗಾಲಕ್ಕೆ ಅಂತ ಮನೆಮನೆ ಅಟ್ಟದಲ್ಲೂ ಒಣ ಸೌದೆ ಇರ್ತದೆ," ಅಂದಳು ಸುನಂದಮ್ಮ. "ಮಕ್ಕಳನ್ನ ಕಳಿಸ್ತೀನಿ."

"ಊರ ಸೌದೆ ಬೇಡಿ ನನ್ನ ತಂಗೀನ ಸುಡಬೇಕೆ?"

"ಬೇಡೋದು ನೀವಲ್ಲ ಸ್ವಾಮಿ, ಅವರ ಮಕ್ಕಳು," ಅಂದರು ಸಾಬರು.

ಮಕ್ಕಳು ಓಡಿದವು. ಸ್ವಲ್ಪ ಹೊತ್ತಿಗೆಲ್ಲ ಸೌದೆ ಬರತೊಡಗಿತು, ಜಾಲಿ, ಹೊಂಗೆ, ಕೊಡಗಿನ ಕಾಫಿ ಗಿಡದ ಬೊಡ್ಡೆ. ಸುಂದ್ರಮ್ಮನ ಮೊಮ್ಮಗ ತನಗಿಂತ ಉದ್ದದ ಕೊರಡು ಎಳೆದು ತಂದ, ನಡುವೆ ಇರುವೆ ಸಾಲು ಸಿಕ್ಕಿತೆಂದು ಸುತ್ತು ಹಾಕಿಕೊಂಡು ಬಂದ. ಹಿಂದೆಯೇ ಮಕ್ಕಳ ಅಪ್ಪಂದಿರು ಹೊರೆ ಹೊತ್ತು ಬಂದರು. ಸಾಬರ ಮೊಮ್ಮಗಳು ಖುರ್ಷೀದಾ ಕಾಲು ಮುರಿದ ಮರದ ಆನೆಯೊಂದನ್ನು ತಂದು, "ಇದೂ ಒಣಗ್ಯದೆ" ಅಂದಳು. ಸುಬ್ಬನರಸಯ್ಯ ಅದನ್ನು ತೆಗೆದುಕೊಂಡು ನೋಡಿ, "ಇದು ಬೇಡಮ್ಮ, ನೀನು ಆಡ್ಕೋ" ಅಂತ ತಿರುಗಿ ಕೊಟ್ಟರು. ಯಾವ ಯಾವ ಮನೆಯ ಸೌದೆ ಎಲ್ಲ ಒಂದೇ ಗಾಡಿ ಸೇರುತ್ತಿದ್ದುದನ್ನು ಕಂಡು ಪುರೋಹಿತರು ಒಮ್ಮೆ ಕೆಮ್ಮಿದರು. ಸುಬ್ಬನರಸಯ್ಯ ಅವರತ್ತ ತಿರುಗಿ ನೋಡಿದ ಮೇಲೆ ಪುರೋಹಿತರು ದರ್ಭೆಯ ಕಟ್ಟು ಹುಡುಕತೊಡಗಿದರು.

ರುಕ್ಮಿಣಮ್ಮನವರನ್ನು ಲಕ್ಷ್ಮಣತೀರ್ಥದ ದಡಕ್ಕೆ ತೆಗೆದುಕೊಂಡು ಹೋದರು. ಹೆಂಗಸರು, ಮಕ್ಕಳು ಓಣಿಯ ಕೊನೆಯವರೆಗೆ ಬಂದು ನಿಂತರು. ರುಕ್ಮಿಣಮ್ಮನವರ ಬೆರಳ ಸಂದಿಯಲ್ಲಿ ನಿನ್ನೆಯ ಕೆಸರು ಹಾಗೇ ಇತ್ತು. ಮೀಯಿಸುವಾಗ ಅಷ್ಟನ್ನು ತೊಳೆಯಲು ಸುನಂದಮ್ಮ ಬಿಟ್ಟಿರಲಿಲ್ಲ.

* * *

ಹೊಳೆಯಲ್ಲಿ ಮುಳುಗಿ ಸುಬ್ಬನರಸಯ್ಯ ಒದ್ದೆ ಬಟ್ಟೆಯಲ್ಲೇ ಹಿಂತಿರುಗುವಾಗ ಹೊತ್ತು ಇಳಿದಿತ್ತು. ದಿನವೆಲ್ಲ ಮಳೆ ಹನಿಯಲಿಲ್ಲ. ಅವರು ಮುಂಬಾಗಿಲಿಗೆ ಹೋಗದೆ, ಅಂದು ಬಂದಿದ್ದ ಹಿತ್ತಿಲ ಬಾಗಿಲಿಂದಲೇ ಒಳಗೆ ಬಂದರು.

"ಅಲ್ಲೇ ನಿಲ್ಲಿ ತಾತ! ತುಳೀಬೇಡಿ!"

ಎತ್ತಿದ ಕಾಲು ಹಾಗೇ ನಿಂತಿತು. ಮರದಿಂದ ಮಾರು ದೂರದಲ್ಲಿ ಒಂದು ಪುಟ್ಟ ಮಣ್ಣಗುಡ್ಡೆ, ಮೇಲೆ ತುಂಬೆ ಹೂ. ಪಕ್ಕದಲ್ಲಿ ಖುರ್ಷೀದಾ ಕುಕ್ಕರುಗಾಲಲ್ಲಿ ಕಾವಲು ಕೂತಿದ್ದಳು, ಮಡಿಲಲ್ಲಿ ಮುರುಕಲಾನೆ.

"ಏನಮ್ಮ ಇದು?"

"ಹೂತಿದೀವಿ."

"ಯಾರನ್ನ? ನಿಮ್ಮ ಮೇಷ್ಟ್ರಮ್ಮನ್ನಾ?"

ಇಷ್ಟು ದೊಡ್ಡವನಿಗೆ ಇಷ್ಟೂ ಗೊತ್ತಿಲ್ಲವಲ್ಲ ಅಂತ ಆ ಹುಡುಗಿ ಅವರನ್ನೇ ನೋಡಿದಳು. "ಮೇಷ್ಟ್ರಮ್ಮ ಸತ್ತೋದ್ರು. ನೀವೇ ಅಲ್ವಾ ಹೊಳೆತಾವ ತಗಂಡೋಗಿದ್ದು? ಇದು ಮಾವಿನ ವಾಟೆ."

"ಹೌದಲ್ಲ," ಅಂದರು ಸುಬ್ಬನರಸಯ್ಯ. ಆಮೇಲೆ ಕೇಳಿದರು, "ಎದ್ದು ಬರುತ್ತಾ?"

"ನೀರಾಕಿದ್ರೆ ಬತ್ತದೆ. ಇವತ್ತು ಯಾರೂ ನೀರು ಸೇದಿಲ್ಲ. ನಂಗೆ ಹಗ್ಗ ಎಟುಕಕ್ಕಿಲ್ಲ."

ಅವರು ನಿಧಾನಕ್ಕೆ ಮಂಡಿಯೂರಿ ಅವಳ ಎದುರಿಗೆ ಕೂತರು. ಹೆಗಲ ಮೇಲಿದ್ದ ಒದ್ದೆ ವಸ್ತ್ರ ತೆಗೆದು, ಎರಡು ಕೈಯಲ್ಲಿ ಹಿಡಿದು, ಗುಡ್ಡೆಯ ಮೇಲೆ ಹಿಂಡಿದರು. ಹೊಳೆಯ ನೀರು ತುಂಬೆ ಹೂವಿನ ಮೇಲೆ ಸುರಿದು ಮಣ್ಣಿಗಿಳಿಯಿತು.

"ಇನ್ನೊಸಿ," ಅಂದಳು ಖುರ್ಷೀದಾ.

ಅವರು ವಸ್ತ್ರದ ಇನ್ನೊಂದು ತುದಿ ಹಿಡಿದು ಹಿಂಡತೊಡಗಿದರು.