ಉಸಿರಿನ ಪೆಟ್ಟಿಗೆ

ಸೊಟ್ಟಿ ಈ ಸಲವೂ ತಲೆ ಹಿಂದಕ್ಕೆಳೆದುಕೊಂಡಳು.

"ಬಾರೇ ನಮ್ಮವ್ವಾ, ಒಂದೈದು ನಿಮಿಷ," ಎಂದು ಅಕ್ಕ ಅವಳ ಕತ್ತಿನಡಿ ಜೋಲುವ ಗಂಗೆದೊಗಲು ಸವರಿದಳು. ಸೊಟ್ಟಿ ಸವರಿಸಿಕೊಂಡಳು. ತಲೆ ಮಾತ್ರ ಕೊಡಲಿಲ್ಲ.

ಎದುರಿಗಿದ್ದ ಪೆಟ್ಟಿಗೆಯ ಮೇಲೆ ಕೆಂಪು ದೀಪ ಉರಿಯುತ್ತಲೇ ಇತ್ತು. ಹಸು ಒಳಗೆ ತಲೆಯಿಟ್ಟರೆ ಪೆಟ್ಟಿಗೆ ಅದರ ಕಿವಿಯ ಬಿಲ್ಲೆಯನ್ನು ಗುರುತಿಸಿ ಹಸಿರು ದೀಪ ಹಾಕುತ್ತದೆ, ಹಿಂಡಿಯ ಉಂಡೆಗಳು ಉದುರುತ್ತವೆ. ಹಸು ತಿನ್ನುವಷ್ಟು ಹೊತ್ತೂ ಒಳಗಿನ ಫ್ಯಾನು ಅದರ ಉಸಿರನ್ನೆಳೆದುಕೊಂಡು, ಭೂಮಿಯನ್ನು ಬಿಸಿ ಮಾಡುವ ಅನಿಲ ಅದರಲ್ಲಿ ಎಷ್ಟಿದೆಯೆಂದು ಅಳೆಯುತ್ತದೆ. ಕೊಟ್ಟಿಗೆಯ ಉಳಿದ ಹಸುಗಳೆಲ್ಲ ಬೆಳಿಗ್ಗೆಯೇ ಅಳೆಸಿಕೊಂಡು, ಹಿಂಡಿ ಸಿಕ್ಕಿದ್ದೇ ಲಾಭವೆಂದು ಮೆಲುಕು ಹಾಕುತ್ತಿದ್ದವು. ಸೊಟ್ಟ ಕೊಂಬಿನ ಈ ಮುದುಕಿಯೊಬ್ಬಳದೇ ಹಠ.

ಅಕ್ಕನ ತಮ್ಮ ಸೆಗಣಿ ತಾಗದಂತೆ ಪ್ಯಾಂಟು ಮಡಚಿಕೊಂಡು ಬಾಗಿಲಲ್ಲಿ ನಿಂತಿದ್ದ. ನಗರಸಭೆಯ ಹವಾಮಾನ ವಿಭಾಗದಲ್ಲಿ ಅಧಿಕಾರಿ. ಅಕ್ಕ ಫೋನು ಮಾಡಿ "ಬಾರೋ" ಎಂದದ್ದಕ್ಕೆ ರಜೆ ಹಾಕಿ ಬಂದಿದ್ದ. ಬಂದು ಮಾಡುವುದೇನೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ನಗರದ ಆಸ್ಪತ್ರೆಯ ಅಡುಗೆಮನೆ ಅಕ್ಕನ ಹಾಲನ್ನೇ ತರಿಸುತ್ತಿತ್ತು. ಈಗ ಹೊಸ ನಿಯಮ ಬಂದಿದೆ. ದೂರದಿಂದ ಲಾರಿಯಲ್ಲಿ ಬರುವ ಹಾಲು ಬೇಡ, ಹತ್ತಿರದ್ದೇ ಬೇಕು. ಹತ್ತಿರದ ಕೊಟ್ಟಿಗೆಯಲ್ಲೂ ಉಸಿರು ಅಳೆಸಿಕೊಳ್ಳದ ಹಸು ಒಂದೇ ಒಂದಿದ್ದರೂ ಅಲ್ಲಿಯ ಹಾಲು ಬೇಡ. ಪೆಟ್ಟಿಗೆ ತಂದಿರುವ ಯಂತ್ರದವಳು ಮಧ್ಯಾಹ್ನ ಅದನ್ನು ಕಳಚಿಕೊಂಡು ಹೊರಡುತ್ತಾಳೆ. ಅಷ್ಟರೊಳಗೆ ಸೊಟ್ಟಿ ತಲೆ ಕೊಡದಿದ್ದರೆ ಅವಳನ್ನು ಮಾರಬೇಕು. ಈ ವಯಸ್ಸಿನ ಹಸುವನ್ನು ಕೊಳ್ಳುವವರು ಯಾಕೆ ಕೊಳ್ಳುತ್ತಾರೆಂದು ಅಕ್ಕ ಬಾಯಿಬಿಟ್ಟು ಹೇಳಿರಲಿಲ್ಲ.

ನಿಯಮ ಬರೆದವನು ಅವನೇ. ಮೊದಲು 'ಹೆಚ್ಚಿನ ಹಸುಗಳು' ಎಂದು ಬರೆದಿದ್ದ. ಅದು ಯಾಕೋ ಪೇಲವವಾಗಿ ಕಂಡು, ಊಟಕ್ಕೇಳುವ ಮೊದಲು 'ಎಲ್ಲ ಹಸುಗಳೂ' ಎಂದು ಬದಲಾಯಿಸಿದ್ದ. ಮೇಲಧಿಕಾರಿ ಶಹಬ್ಬಾಸ್ ಎಂದಿದ್ದರು. ನಿಯಮ ತಪ್ಪೆಂದು ಅವನಿಗೆ ಈಗಲೂ ಅನ್ನಿಸುತ್ತಿರಲಿಲ್ಲ. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿರುವುದು ಸುಳ್ಳಲ್ಲ. ಅದಕ್ಕೂ ಸೊಟ್ಟಿಯ ಈ ಮುಖಕ್ಕೂ ಏನು ಸಂಬಂಧವೆಂಬುದೇ ಹೊಳೆಯುತ್ತಿರಲಿಲ್ಲ.

"ಯಾವ ಪುಣ್ಯಾತ್ಮ ಬರೆದನೋ ಇದನ್ನ," ಎಂದಳು ಅಕ್ಕ.

"ಆಫೀಸಲ್ಲಿ... ಎಲ್ಲಾರೂ ಸೇರಿ."

"ನೀನಿದ್ಯಾ?"

"ಇದ್ದೆ. ಅಂದ್ರೆ, ಮೀಟಿಂಗಲ್ಲಿದ್ದೆ."

ಅಕ್ಕ ಅವನನ್ನೊಮ್ಮೆ ನೋಡಿದಳು. "ಎಷ್ಟು ಸೊರಗಿದೀಯೋ. ಹಾಲು ಕಾಯಿಸಿ ತರ್ಲಾ?"

ಅವಳಿಗೆ ಗೊತ್ತಿದೆಯೆಂಬುದು ಅವನಿಗೆ ಖಾತ್ರಿಯಾಯಿತು. ಬೈದಿದ್ದರೆ ಎದುರಾಡಬಹುದಿತ್ತು. ಗೊತ್ತಿದ್ದೂ ಹಾಲು ಕಾಯಿಸುವವಳ ಜೊತೆ ಏನು ಜಗಳ? ಅಕ್ಕನೆಂದರೆ ಅವನಿಗೆ ಜೀವ. ಆ ಜೀವವನ್ನು ಎಲ್ಲಿಟ್ಟಿದ್ದೇನೆಂದು ಮಾತ್ರ ಈಚೆಗೆ ಹುಡುಕಬೇಕಾಗುತ್ತಿತ್ತು.

"ಇವ್ಳು ನಿನ್ನ ಕೈಯಲ್ಲೇ ಬಾಟ್ಲಿ ಹಾಲು ಕುಡ್ದು ಬೆಳೆದೋಳು ಕಣೋ. ನೀನು ಕರಿ, ಬರ್ತಾಳೆ."

ಅವನಿಗೆ ನೆನಪಿರಲಿಲ್ಲ. ಕಾಲೇಜಿನ ಯಾವುದೋ ರಜೆಯಂತೆ. ತಬ್ಬಲಿ ಕರುವಿಗೆ ಬಾಟಲಿ ಹಿಡಿದು, ಅದರ ಪಕ್ಕದಲ್ಲೇ ಹುಲ್ಲಿನ ಮೇಲೆ ನಿದ್ದೆ ಹೋಗುತ್ತಿದ್ದ ಹುಡುಗನನ್ನು ಅಕ್ಕ ಎಷ್ಟು ಅಕ್ಕರೆಯಿಂದ ವರ್ಣಿಸಿದಳೆಂದರೆ, ಅವನು ತಾನೇ ಆಗಿದ್ದರೆ ಚೆನ್ನಾಗಿತ್ತು ಎನಿಸಿತು.

"ಸೊಟ್ಟೀ," ಎಂದ. ಹಾಜರಿ ಕರೆದಂತಿತ್ತು. ಸೊಟ್ಟಿ ಕಿವಿಯನ್ನೂ ಅಲ್ಲಾಡಿಸಲಿಲ್ಲ.

"ನೀನೇ ಮೊದ್ಲು ತಲೆ ಇಟ್ಟು ತೋರ್ಸೋ," ಎಂದಳು ಅಕ್ಕ. "ನಿಂಗೆ ನಾನು ಹಾಗೇ ತಾನೇ ಉಣ್ಣಿಸ್ತಿದ್ದಿದ್ದು? ಮೊದಲ ತುತ್ತು ನಂಗೆ, ಆಮೇಲೆ ನಿಂಗೆ. ವಿಷ ಹಾಕಿದ್ದೀನೇನೋ ಅನ್ನೋ ಹಾಗೆ ನನ್ನ ಬಾಯನ್ನೇ ನೋಡ್ತಿದ್ದೆ, ಕಳ್ಳ."

ಇದು ಅವನಿಗೆ ನೆನಪಿತ್ತು. ಅಕ್ಕ ಅಗಿಯುವುದನ್ನು ನೋಡಿದ ಮೇಲೆಯೇ ಅವನಿಗೆ ಹಸಿವಾಗುತ್ತಿತ್ತು.

ಯಂತ್ರದವಳಿಗೆ ನಗು. "ಇಡಿ ಸಾರ್, ಏನೂ ಆಗಲ್ಲ. ನಿಮ್ ಕಿವೀಲಿ ಬಿಲ್ಲೆ ಇಲ್ವಲ್ಲ, ಪೆಟ್ಟಿಗೆ ನಿಮ್ಮನ್ನ ಲೆಕ್ಕಕ್ಕೇ ತಗೊಳ್ಳಲ್ಲ." ಅಷ್ಟು ಹೇಳಿ, ಪರದೆಯ ಮೇಲೆ ಅಳತೆ ಬರುವುದನ್ನು ನೋಡಲು ಕೊಟ್ಟಿಗೆಯ ಹಿಂದೆ ನಿಲ್ಲಿಸಿದ್ದ ವ್ಯಾನಿಗೆ ಹೋದಳು.

ಅವನು ಕನ್ನಡಕ ತೆಗೆದು ಅಕ್ಕನ ಕೈಗೆ ಕೊಟ್ಟ.

"ಹೂಂ, ನುಗ್ಗು. ಒರಳಲ್ಲಿ ತಲೆ ಇಟ್ಟಮೇಲೆ ಒನಕೆಗೆ ಹೆದರಿದ್ರೆ ಆಗುತ್ತಾ?"

ಮಂಡಿಯೂರಿ ತಲೆಯಿಟ್ಟ. ಒಳಗೆ ಕತ್ತಲು. ಹಿಂಡಿಯ ವಾಸನೆ, ಬೆಳಿಗ್ಗೆ ತಿಂದುಹೋದ ಹಸುಗಳ ಜೊಲ್ಲಿನ ವಾಸನೆ. ಆಶ್ಚರ್ಯವೆಂದರೆ ಅಲ್ಲಿ ಹಾಯೆನಿಸಿತು. ಯಾರಿಗೂ ಮುಖ ಕಾಣದ ಜಾಗ. ಆಫೀಸಿನಲ್ಲೂ ಇಂಥದೊಂದನ್ನು ಇಡಿಸಬಹುದಿತ್ತು ಎಂದುಕೊಂಡ.

ಆಗ ಕತ್ತಿನ ಮೇಲೆ ಬಿಸಿ ಗಾಳಿ ಆಡಿತು. ಸೊಟ್ಟಿ ಬಂದಿದ್ದಳು. ಒಳಕ್ಕೆ ಬರಲಿಲ್ಲ, ಅವನ ಭುಜದ ಮೇಲೆ ಗದ್ದವಿಟ್ಟು ನಿಂತಳು. ಅವಳ ಕಿವಿಯ ಬಿಲ್ಲೆ ಪೆಟ್ಟಿಗೆಯ ಬಾಯಲ್ಲೇ ಅವನ ಕಿವಿಗೆ ತಣ್ಣಗೆ ತಾಗಿತು.

ಟಕ್ ಎಂದಿತು. ಒಳಗೆಲ್ಲ ಹಸಿರು. ಹಿಂಡಿಯ ಉಂಡೆಗಳು ಅವನ ಮೂಗಿನ ಮೇಲೆ ಉದುರಿದವು. ಫ್ಯಾನು ತಿರುಗತೊಡಗಿತು.

"ಹಸಿರು ಬಂತೋ!" ಅಕ್ಕನ ದನಿ ನಡುಗಿತು. "ಅಲ್ಲಾಡ್ಬೇಡ್ರಿ ಇಬ್ರೂ. ಹಾಗೇ ಇರಿ, ನನ್ನ ಬಂಗಾರಗಳಾ."

ಸೊಟ್ಟಿಯ ಹೆಸರಿನಲ್ಲಿ ಫ್ಯಾನು ಎಳೆದುಕೊಳ್ಳುತ್ತಿದ್ದುದು ಅವನ ಉಸಿರನ್ನು. ತಲೆ ಹಿಂದಕ್ಕೆಳೆದರೆ ದೀಪ ಕೆಂಪಾಗುತ್ತದೆ, ಸೊಟ್ಟಿ ಹೋಗುತ್ತಾಳೆ. ಹೀಗೇ ಇದ್ದರೆ ತಾನು ಬರೆದದ್ದು ತನ್ನಿಂದಲೇ ಸುಳ್ಳಾಗುತ್ತದೆ. ಅಕ್ಕ ತಟ್ಟತೊಡಗಿದಳು. ಒಂದು ಕೈ ಸೊಟ್ಟಿಯ ಬೆನ್ನ ಮೇಲೆ, ಒಂದು ಅವನ ಬೆನ್ನ ಮೇಲೆ.

"ಬರ್ತಾ ಇದೆ, ಅಮ್ಮಾ!" ವ್ಯಾನಿನಿಂದ ಯಂತ್ರದವಳು ಕೂಗಿದಳು. "ಎಂಥ ಹಸು ರೀ ಇದು! ಇಷ್ಟು ಕಮ್ಮಿ ನಾನೆಲ್ಲೂ ನೋಡಿಲ್ಲ. ಒಳಗೆ ಏನೂ ಇಲ್ಲ!"

ಅಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ, ಬೆನ್ನ ಮೇಲಿನ ಕೈಯಿಂದ ತಿಳಿಯುವಂತಿರಲಿಲ್ಲ.

ಅವನು ಏನೋ ಹೇಳಲು ಬಾಯಿ ತೆರೆದ. ಹಿಂಡಿಯ ಉಂಡೆಯೊಂದು ನಾಲಿಗೆಯ ಮೇಲೆ ಬಿತ್ತು. ಹಿಂದೆ ಸೊಟ್ಟಿಯ ಉಸಿರು, ಯಾವ ಯಂತ್ರದ ಲೆಕ್ಕಕ್ಕೂ ಸಿಗದೆ, ಬೆಚ್ಚಗೆ ಅವನ ಅಂಗಿಯೊಳಗೆ ಇಳಿಯುತ್ತಿತ್ತು. ದೀಪ ಆರದಿರಲೆಂದು, ಕಣ್ಣು ಮುಚ್ಚಿ, ಅವನು ಮೆಲ್ಲಗೆ ಅಗಿಯತೊಡಗಿದ.