ಕೂಗು ಬರುವವರೆಗೆ

ಸಿರಿ ವಿಭೂತಿಯಲ್ಲಿ ಬೆರಳದ್ದಿ ಗುರುಶಾಂತಪ್ಪನವರ ಹಣೆಗೆ ಎರಡನೆಯ ಗೆರೆ ಎಳೆಯುತ್ತಿದ್ದಾಗ ವಿಜಯಲಕ್ಷ್ಮಿ ಅವಳ ಮೊಣಕೈ ಹಿಡಿದಳು.

"ಸಾಕು ಬಿಡಮ್ಮ. ಮಿಕ್ಕಿದ್ದು ರಘು ಮಾಡ್ತಾನೆ."

ವಿಜಯಲಕ್ಷ್ಮಿ ಸತ್ತವರ ಅತ್ತಿಗೆ, ರಘು ಅವಳ ಮಗ. ವಸಂತಪುರದ ಆ ಪುಟ್ಟ ಮನೆಯ ಹಾಲಿನಲ್ಲಿ ಗುರುಶಾಂತಪ್ಪನವರನ್ನು ಲಿಂಗವಂತರ ಪದ್ಧತಿಯಂತೆ ಗೋಡೆಗೊರಗಿಸಿ, ಚಕ್ಕಳಮಕ್ಕಳ ಹಾಕಿ ಕೂರಿಸಿದ್ದರು.

"ಮೊದಲನೇ ಮಣ್ಣು ಯಾರು ಹಾಕೋದು?" ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಕೇಳಿದರು.

"ರಘುನೇ ಅಯ್ನೋರೇ. ಇವರಿಗೆ ಮಕ್ಕಳಿಲ್ವಲ್ಲ."

ಪಕ್ಕದ ಮನೆಯ ಸುಧಾಮಣಿಗೆ ತಡೆಯಲಾಗಲಿಲ್ಲ. "ಅದ್ಹೇಗೆ ಆಂಟಿ? ಸಿರಿ ಇಲ್ವಾ?"

"ಅವಳು ಜಯಶೀಲಾ ಮೊದಲನೇ ಗಂಡನ ಮಗಳಮ್ಮ. ದತ್ತು ತಗೋಬೇಕು ಅಂತ ನಮ್ಮ ಮೈದುನ ಕೋರ್ಟಿಗೆ ಅಲೆದಿದ್ದೇನೋ ನಿಜ. ಆಗ್ಲಿಲ್ಲ. ಇವಳೂ ಕೊನೇವರೆಗೂ ಅಂಕಲ್ ಅಂತಾನೇ ಕರೀತಿದ್ಲು."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಿರಿಯ ಅಮ್ಮ ಜಯಶೀಲಾ ಇದ್ದಿದ್ದರೆ ಸುಮ್ಮನಿರುತ್ತಿರಲಿಲ್ಲ. ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಸಿರಿ ಬೆರಳಲ್ಲಿ ಉಳಿದ ವಿಭೂತಿಯನ್ನು ಎಲ್ಲಿ ಒರೆಸಿಕೊಳ್ಳುವುದೆಂದು ತಿಳಿಯದೆ ಮೂಲೆಗೆ ಸರಿದು ನಿಂತಳು. ಆ ಮೊದಲ ಹಿಡಿ ಮಣ್ಣು ತನ್ನ ಕೈಯಿಂದ ಬೀಳಬೇಕು, ಅವಳಿಗೆ ಬೇಕಿದ್ದದ್ದು ಅಷ್ಟೇ. ಯಾವ ಬಾಯಲ್ಲಿ ಕೇಳುವುದು?

* * *

ಸಿರಿಗೆ ಆಗ ಹನ್ನೆರಡು.

"ಹೆತ್ತ ತಂದೆ ಒಪ್ಪಿ ಸಹಿ ಹಾಕ್ಬೇಕು ಸಾರ್. ಹುಡುಗೀನೂ ಹೂಂ ಅನ್ಬೇಕು. ಹದಿನೆಂಟು ತುಂಬಿಬಿಟ್ರೆ ದತ್ತಿನ ಮಾತೇ ಇಲ್ಲ" ಎಂದಿದ್ದರು ವಕೀಲ ಗೌರೀಶಂಕರ.

ಹುಡುಗಿ ಹೂಂ ಅಂದಾಗಿತ್ತು. ದಾವಣಗೆರೆಯಲ್ಲಿದ್ದ ಹೆತ್ತ ತಂದೆ ಶಶಿಕಾಂತನೂ ಫೋನಿನಲ್ಲಿ ಹೂಂ ಅಂದ, ಬರುತ್ತೇನೆ ಅಂದ. ಬರುತ್ತೇನೆ ಅನ್ನುವುದರಲ್ಲಿ ಅವನಷ್ಟು ಧಾರಾಳಿ ಇನ್ನೊಬ್ಬನಿರಲಿಲ್ಲ. ಪ್ರತಿ ತಾರೀಖಿಗೂ ಗುರುಶಾಂತಪ್ಪ ಜಯನಗರದ ಮಿಕ್ಸಿ ರಿಪೇರಿ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೋರ್ಟಿನ ಬೆಂಚಿನ ಮೇಲೆ ಕೂರುತ್ತಿದ್ದರು. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ, ಕಿವಿ ಬಾಗಿಲ ಕಡೆಗೆ. ಜವಾನ ಹೆಸರು ಕೂಗಿದ ತಕ್ಷಣ ದಡಕ್ಕನೆ ಏಳುತ್ತಿದ್ದರು. ಇನ್ನೊಂದು ತಾರೀಖು ಹಿಡಿದುಕೊಂಡು ಆಚೆ ಬರುತ್ತಿದ್ದರು.

ಆ ಬೆಂಚಿನ ಮೇಲೆಯೇ ಒಮ್ಮೆ ಸಿರಿ, "ಅಪ್ಪಾ, ನೀರು" ಅಂದಿದ್ದಳು.

ಅವರ ಮುಖ ಅರಳಿತು, ಮರುಕ್ಷಣವೇ ಮುದುಡಿತು. "ಈಗಲೇ ಬೇಡ ಪುಟ್ಟಾ. ಆರ್ಡರ್ ಬರ್ಲಿ, ಆಮೇಲೆ ಬಾಯ್ತುಂಬ ಕರಿ. ಅಲ್ಲೀವರೆಗೂ ಅಂಕಲ್ ಅನ್ನು."

ಗಿರಾಕಿಯ ಎದುರು ಓಡಿಸಿ ತೋರಿಸದೆ ಮಿಕ್ಸಿ ಕೈಗೆ ಕೊಡದ ಮನುಷ್ಯ. ಅಪ್ಪನಾಗುವುದರಲ್ಲೂ ಅದೇ ಹಟ.

ಶಶಿಕಾಂತ ಬರಲೇ ಇಲ್ಲ. ಸಿರಿಗೆ ಹದಿನೆಂಟು ತುಂಬಿದ ದಿನ ಗುರುಶಾಂತಪ್ಪ ಕೇಕು ತಂದು, ಅವಳ ಬಾಯಿಗೊಂದು ತುಂಡಿಟ್ಟು, ಬಚ್ಚಲಿಗೆ ಹೋದವರು ಬಹಳ ಹೊತ್ತು ನಲ್ಲಿ ನಿಲ್ಲಿಸಲಿಲ್ಲ. ಆಮೇಲಾದರೂ ಅವಳು ಅಪ್ಪ ಅನ್ನಬಹುದಿತ್ತು. ನಾಲಿಗೆ ಅಂಕಲ್‌ಗೆ ಒಗ್ಗಿಹೋಗಿತ್ತು.

* * *

ಉತ್ತರಹಳ್ಳಿಯ ರುದ್ರಭೂಮಿಯಲ್ಲಿ ಅವರನ್ನು ಗುಂಡಿಗಿಳಿಸಿ, ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿದರು. ಕೋರ್ಟಿಗೆ ತೊಡುತ್ತಿದ್ದ ಬಿಳಿ ಅಂಗಿಯನ್ನೇ ಸಿರಿ ಬೆಳಿಗ್ಗೆ ತೆಗೆದುಕೊಟ್ಟಿದ್ದಳು. ಎಡ ಅಂಗೈಯಲ್ಲಿ ಲಿಂಗವಿಡಿಸಿ ಅಯ್ಯನವರು ಮೇಲೆ ಬಂದರು. ರಘು ಹಿಡಿ ಮಣ್ಣು ತೆಗೆದುಕೊಂಡ.

"ರಘಣ್ಣ, ಒಂದ್ನಿಮಿಷ ಇರು." ಸಿರಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ನಾನು ಹಾಕ್ತೀನಿ."

ಅಯ್ಯನವರು ತಿರುಗಿದರು. "ನೀನು ಇವರಿಗೆ ಏನಾಗ್ಬೇಕಮ್ಮ?"

ಎಲ್ಲರೂ ಅವಳ ಬಾಯನ್ನೇ ನೋಡಿದರು. ಅವಳು ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಒಳಕ್ಕೆ ಬಗ್ಗಿದಳು.

"ಅಪ್ಪಾ!"

ರಘು ತನ್ನ ಕೈಯ ಮಣ್ಣನ್ನು ಅವಳ ಅಂಗೈಗೆ ಸುರಿದ. ಕೆಳಗೆ ಗುರುಶಾಂತಪ್ಪ ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ, ಆ ಬೆಂಚಿನ ಮೇಲೆ ಕೂರುತ್ತಿದ್ದ ಹಾಗೆಯೇ ಕೂತಿದ್ದರು. ಕೂಗಿದರೂ ಏಳಲಿಲ್ಲ.